ಒಂದು ಗುರು, ಎರಡು ಲಘು

ಪರದೆ ಕಪ್ಪು.
ಮೂರು ಫ್ಯಾನೂ ತಿರುಗುತ್ತಿವೆ, ಬಣ್ಣದ ದೀಪಗಳಂತೂ
ಮದುವೆ ಚಪ್ಪರದ ಹಾಗೆ.
ಚಿತ್ರ ಮಾತ್ರ ಇಲ್ಲ.

ಒಳಗಿನಿಂದ ಕೂಗುತ್ತಿದೆ ಕಡಲೆಬೀಜದ ಗಾತ್ರದ ಸ್ಪೀಕರು:
ಬೀ—ಪ್, ಬಿಪ್, ಬಿಪ್.
ನಿಂತು, ಮತ್ತೆ
ಬೀ—ಪ್, ಬಿಪ್, ಬಿಪ್.

ಹತ್ತನೇ ತರಗತಿಯ ಪತ್ರಿಕೆ ತಿದ್ದುತ್ತಿದ್ದವಳು
ತಲೆ ಎತ್ತದೆ ಅಂದೆ: ‘ಭ ಗಣ.’
‘ಏನಮ್ಮಾ?’
‘ಒಂದು ಗುರು, ಎರಡು ಲಘು. ಭ ಗಣ ಕಣೇ.’
ಇಂಚರ ಮದರ್‌ಬೋರ್ಡಿನ ಪುಸ್ತಕ ತಿರುವಿ
ಬೆರಳಿಟ್ಟು ಓದಿದಳು: ಒಂದು ಉದ್ದ, ಎರಡು ಗಿಡ್ಡ,
ಗ್ರಾಫಿಕ್ಸ್ ಕಾರ್ಡು ಸಿಗುತ್ತಿಲ್ಲ.
ಭ ಗಣಕ್ಕೆ ಚಂದ್ರ ದೇವತೆ, ಕೀರ್ತಿ ಫಲ ಎಂದು
ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ;
ಕಾರ್ಡು ಕಳಚುವ ಫಲವನ್ನು
ಯಾವ ಪಂಡಿತರೂ ಬರೆದಿಟ್ಟಿರಲಿಲ್ಲ.

ಕಾರ್ಡು ಸೆಕೆಂಡ್ ಹ್ಯಾಂಡು. ಮಂಡಿ ಮೊಹಲ್ಲಾದ ನಯೀಮ್
ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟದ್ದು.
ಪಕ್ಕದ ಬೀದಿಯ ಮಕ್ಕಳಿಗೆ ಏಳು ತಿಂಗಳು
ಗಣಿತ ಹೇಳಿಕೊಟ್ಟ ದುಡ್ಡು.
ಮೈಸೂರಿನಿಂದ ಮಂಡ್ಯದ ತನಕ ಪ್ಯಾಸೆಂಜರ್ ಗಾಡಿಯಲ್ಲಿ
ಮಡಿಲಲ್ಲೇ ಇಟ್ಟುಕೊಂಡು ಬಂದಳು,
ಶ್ರೀರಂಗಪಟ್ಟಣದಲ್ಲಿ ಹೊಳೆ ಬಂದಾಗ
ಕಿಟಕಿಯಿಂದ ಸರಿದು ಕೂತಳಂತೆ.

ಪ್ಲಗ್ಗು ಕಿತ್ತಳು. ಮೈಯೊಳಗಿನ ಕಿಡಿ ಇಳಿಯಲೆಂದು
ಕಿಟಕಿಯ ಸರಳು ಮುಟ್ಟಿ,
ಕೊಕ್ಕೆ ಒತ್ತಿ ಕಾರ್ಡು ಎಳೆದಳು.
ಚಿನ್ನದ ಹಲ್ಲುಗಳ ಮೇಲೆ ಮಬ್ಬು.
‘ನಿನ್ನ ರಬ್ಬರ್ ಕೊಡಮ್ಮ.’
ಮೊತ್ತವನ್ನು ಮೊದಲು ಪೆನ್ಸಿಲಿನಲ್ಲಿ ಬರೆಯುವವಳು ನಾನು.
ಎಷ್ಟು ಮೂವತ್ಮೂರುಗಳನ್ನು ಅಳಿಸಿ
ಮೂವತ್ತೈದು ಮಾಡಿದೆಯೋ ಆ ರಬ್ಬರು!
ಅದರಲ್ಲೇ ಉಜ್ಜಿದಳು, ಹಲ್ಲಿಗೊಂದು ಸಲ, ಉಸಿರು ಹಿಡಿದು.

ಟಕ್. ಕೂತಿತು.
ಈ ಸಲ ಒಂದೇ ಲಘು.
ಒಂದನೇ ಕ್ಲಾಸಿನ ಪಠ್ಯದಂತೆ ದಪ್ಪ ದಪ್ಪ ಅಕ್ಷರ ಬಂತು,
ಡ್ರೈವರ್ ಹಾಕಿದ ಮೇಲೆ ಸಣ್ಣಗಾಯಿತು,
ಆಟ ತೆರೆಯಿತು: ಬೆಟ್ಟ, ಮಂಜು, ಕುದುರೆ.
ಹತ್ತು ನಿಮಿಷ.
ಆಮೇಲೆ ಕುದುರೆಯ ಹೊಟ್ಟೆಯಲ್ಲಿ ಹಸಿರು ಚೌಕಗಳೆದ್ದು
ಆಕಾಶವೆಲ್ಲ ಕುಂಟಾಬಿಲ್ಲೆಯ ಮನೆ.

ಟಾರ್ಚು ಬಿಟ್ಟು ಬಗ್ಗಿ ನೋಡಿದೆವು.
ತನ್ನ ಭಾರಕ್ಕೆ ತಾನೇ ಮೂಗು ತಗ್ಗಿಸಿದೆ ಕಾರ್ಡು.
‘ಕಬ್ಬಿನ ಗಿಣ್ಣು ಕತ್ತರಿಸಿ ಕೊಡಲಾ, ಊರೆಗೆ?’
‘ಅಮ್ಮಾ, ಇರುವೆ ಬರ್ತವೆ.’
ಮಂಡ್ಯದಲ್ಲಿ ಅದಕ್ಕೆ ಎದುರುತ್ತರ ಇಲ್ಲ.
ಎರಡು ಸೀಮೆಸುಣ್ಣಕ್ಕೆ ಟೇಪು ಸುತ್ತಿ,
ತಲೆಗೆ ಅದೇ ರಬ್ಬರು ಇಟ್ಟು ನಿಲ್ಲಿಸಿದೆವು.
ಚೌಕಗಳು ಹೋದವು.

ಎಡಗಡೆ ಒಂದು ಗೆರೆ ಉಳಿಯಿತು, ತೆಳ್ಳಗೆ, ಗುಲಾಬಿ,
ನೋಟ್‌ಬುಕ್ಕಿನ ಮಾರ್ಜಿನ್ನಿನಂತೆ.
ಕಾರ್ಡಿನದೋ, ಮಾನಿಟರಿನದೋ?
ಟೀವಿಗೆ ಹಾಕಿ ನೋಡಬೇಕು. ಟೀವಿಯ ಮುಂದೆ ನಮ್ಮತ್ತೆ.
‘ಅಡ್ವಟೇಜು ಬಂದಾಗ ತಕ್ಕೊಳಿ. ಮುಗೀತಿದ್ದಂಗೆ ಕಿತ್ಕಬೇಕು.’
ಸೋಪು, ಸೀರೆ, ಸಿಮೆಂಟಿನಿಂದ ಕಸಿದ ನಾಲ್ಕು ನಿಮಿಷ
ಕುದುರೆ ಗೋಡೆಯುದ್ದಕ್ಕೂ ಓಡಿತು. ಗೆರೆ ಇಲ್ಲ.
‘ಯಾರ್ದವ್ವ ಕುದುರೆ?’
‘ನಂದೇ ಅಜ್ಜಿ.’
‘ಮೇವು ಹಾಕವ್ವ. ಬಡಕಲಾಗ್ಬುಟ್ಟದೆ.’

ತಪ್ಪು ಮಾನಿಟರಿನದೇ. ಹೊಸದಕ್ಕೆ
ಇನ್ನೊಂದು ಐದು ತಿಂಗಳ ಗಣಿತ.
‘ಇರಲಿ ಬಿಡಮ್ಮ, ಗೆರೆಯಿಂದ ಈಚೆಗೇ ಆಡ್ತೀನಿ.’

ಹನ್ನೊಂದಾಯಿತು. ಸಕ್ಕರೆ ಕಾರ್ಖಾನೆಯ ಕಡೆಯಿಂದ
ಹುಳಿಬೆಲ್ಲದ ವಾಸನೆ. ಇನ್ನೂ ಹದಿನಾರು ಪತ್ರಿಕೆ.
ಒಬ್ಬ ಹುಡುಗ ಭ ಗಣ ಬರೆಯಲು ಹೋಗಿ
ಎರಡು ಬಟ್ಟಲು ಹಾಕಿ ಗೆರೆ ಮರೆತಿದ್ದಾನೆ.
ಪೆನ್ಸಿಲ್ಲಿನಲ್ಲಿ ಸೊನ್ನೆ ಹಾಕಿ, ಮನಸ್ಸು ಬದಲಾಗಿ
ರಬ್ಬರಿಗೆ ತಡಕಿದೆ.
ಅದು ಅಲ್ಲಿ, ಡಬ್ಬದ ಕತ್ತಲಲ್ಲಿ,
ತಲೆಯ ಮೇಲೆ ಕುದುರೆ ಹೊತ್ತು ನಿಂತಿದೆ.

ಸೊನ್ನೆಯ ಮೇಲೇ ಬರೆದೆ, ಕೆಂಪು ಪೆನ್ನಿನಲ್ಲಿ:
ಅರ್ಧ.