ಗೋವಿನಜೋಳ

ವಾಸ್ಕೊ ಮೀನುಪೇಟೆಯ ಹಿಂದೆ, ರೈಲುಹಳಿ ಮುಗಿದುಹೋಗುವಲ್ಲಿ,
ಬೋನಿಫಾಸನ ನೀಲಿ ಗಾಡಿ. ಏಳು ಗಂಟೆಗೆ ಬಲ್ಬು ಹತ್ತುತ್ತದೆ.
ಬೋರ್ಡಿನ ಮೇಲೆ ಟಾಕೊ. ನಮ್ಮವರ ಬಾಯಲ್ಲಿ ಟಾಕು:
ಎರಡು ಟಾಕು ಹಾಕು.
ಹದಿನೆಂಟು ವರ್ಷ ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವನು
ಪುಯೆಬ್ಲಾ ಊರಿನ ಎಲೆವುತೇರಿಯೊ ಎಂಬುವನಿಂದ ಕಲಿತದ್ದು ಇಷ್ಟೇ:
ಜೋಳ, ಸುಣ್ಣ, ಬೆಂಕಿ, ಅವಸರ ಮಾಡದಿರುವುದು.

ನಾನು ಶಿಪ್‌ಯಾರ್ಡಿನಲ್ಲಿ ವೆಲ್ಡರ್. ಶಿಫ್ಟ್ ಬಿಟ್ಟು ಬಂದರೂ
ಕಣ್ಣೊಳಗೆ ಹಸಿರು ಚುಕ್ಕಿಗಳು ಕುಣಿಯುತ್ತಲೇ ಇರುತ್ತವೆ.
ಬೆರಳ ತುದಿ ಸತ್ತು ಎಷ್ಟೋ ವರ್ಷ. ಕಾದ ಹಂಚಿನಿಂದ
ಬರಿಗೈಲಿ ಎತ್ತಿಕೊಂಡರೆ ಬೋನಿ ನಗುತ್ತಾನೆ,
ಒಂದು ತಟ್ಟೆ ತೊಳೆಯುವುದು ಉಳಿಯಿತು ಎಂದು.

ಹಂಚಿನ ಮುಂದೆ ಗಜೇಂದ್ರಗಡದ ಶಾವಂತ್ರವ್ವ.
ಒತ್ತುವ ಯಂತ್ರದ ಹಿಡಿ ಮುರಿದಾಗ
ಎರಡು ದಿನಕ್ಕೆಂದು ಕರೆಸಿದ್ದು; ಎರಡು ಮಳೆಗಾಲ ಕಳೆಯಿತು.
ಮೊದಲ ದಿನ ಮೊರದಗಲ ತಟ್ಟಿದಳಂತೆ.
ಅಂಗೈಯಷ್ಟು ಸಾಕು ಅಂದರೆ ಸೊಂಟಕ್ಕೆ ಕೈಯಿಟ್ಟು,
"ಇದು ರೊಟ್ಟಿ ಅಲ್ಲೋ ಯಪ್ಪಾ, ರೊಟ್ಟಿ ಹಡೆದ ಮರಿ!"
ಸುಣ್ಣದ ತಿಳಿನೀರಲ್ಲಿ ಕಾಳು ಕುದಿಸುವುದ ಕಂಡು,
"ಗ್ವಾಡಿಗಿ ಬಳಿಯೂದು ಹೊಟ್ಟಿಗಿ ಬಳೀತಾನ್ರೀ ಈ ಮನಷ್ಯಾ."
ಆಮೇಲೆ ಸಿಪ್ಪೆ ಸುಲಿದ ಕಾಳು ಮೂಸಿದಳು,
ಅರೆದ ಹಿಟ್ಟು ಮೂಸಿದಳು,
ಎಲೆಯಡಿಕೆ ಸಂಚಿ ತೆಗೆದು ಅದನ್ನೂ ಮೂಸಿದಳು.
ಮತ್ತೆ ಮಾತಾಡಲಿಲ್ಲ.

ಎರಡು ಮರಿರೊಟ್ಟಿ, ಒಂದರ ಮೇಲೊಂದು.
ಉಳಿದ ದಿನ ಹಂದಿ, ಅದು ಊರಿಗೆ ಗೊತ್ತಿಲ್ಲ.
ಸೋಮವಾರ ನಾನು ಮಾಂಸ ಮುಟ್ಟುವುದಿಲ್ಲ; ಆವತ್ತು ಕಳ್ಳಿ.
ಹೌದು, ಪಾಪಾಸುಕಳ್ಳಿ. ನಮ್ಮ ಹೊಲದ ಬೇಲಿ.
ಹಣ್ಣು ತಿಂದು ನಾಲಿಗೆ ಕೆಂಪಾಗಿ
ಮಾಸ್ತರರ ಕೈಲಿ ಸಿಕ್ಕಿಬೀಳುತ್ತಿದ್ದೆವಲ್ಲ, ಅದೇ.
ಮುಳ್ಳು ಹೆರೆದು, ಸೀಳಿ, ಲೋಳೆ ಇಂಗುವತನಕ ಹುರಿದರೆ
ಬೆಂಡೆಕಾಯಿಯ ದೂರದ ನೆಂಟ, ಹುಳಿಯಲ್ಲಿ ಮಾತ್ರ ಜೋರು.
ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆ,
ಸುಟ್ಟ ಮೆಣಸಿನಕಾಯಿ ಅರೆದ ಕೆಂಪು.
ನಿಲ್ಲುವುದನ್ನೂ ಬೋನಿಯೇ ಕಲಿಸಿದ:
ಕಾಲು ಅಗಲಿಸು, ಹೊಟ್ಟೆ ಹಿಂದಕ್ಕೆ,
ಕತ್ತು ಓರೆ ಮಾಡು, ರೊಟ್ಟಿಯನ್ನಲ್ಲ.
ಆದರೂ ರಸ ಮೊಣಕೈಗೆ ಇಳಿಯುತ್ತದೆ.

ನಮ್ಮ ಕಡೆ ಇದಕ್ಕೆ ಗೋವಿನಜೋಳ ಅನ್ನುತ್ತಾರೆ.
ಗೋವು ತಿನ್ನುವ ಜೋಳವೋ, ಗೋವೆಯಿಂದ ಬಂದ ಜೋಳವೋ,
ಅಪ್ಪ ಹೇಳಲಿಲ್ಲ, ಅಪ್ಪನಿಗೂ ಯಾರೂ ಹೇಳಿರಲಿಕ್ಕಿಲ್ಲ.
ದನದ್ದೇ ಇರಬೇಕೆಂದು ಬೆಳೆದೆ.
ಈಗ ಬಂದರಿನ ಗಾಳಿಗೆ ಮುಖ ಕೊಟ್ಟು ಅಗಿಯುತ್ತ,
ಯಾವ ಹಡಗಿನ ತಳದಲ್ಲಿ ಇಲಿ ಉಳಿಸಿದ ನಾಲ್ಕು ಕಾಳು
ಯಾರ ಧೋತರದ ಗಂಟಿನಲ್ಲಿ ಘಟ್ಟ ಹತ್ತಿ
ನಮ್ಮ ಎರೆಮಣ್ಣಿಗೆ...
ಬೇಡ. ತಣ್ಣಗಾಗುತ್ತದೆ.

ಶನಿವಾರ ಶನಿವಾರ ಗಾಡಿಯ ಫೋಟೊ ತೆಗೆದು
ಎಲೆವುತೇರಿಯೊಗೆ ಕಳಿಸುತ್ತಾನೆ ಬೋನಿ.
ಮೊದಲೆಲ್ಲ ನೀಲಿ ಗೀಟು ಎರಡು, ಜತೆಗೊಂದು ಬೈಗುಳ:
ಕೊತ್ತಂಬರಿ ಹೆಚ್ಚಿದ್ದೀಯೋ, ಹುಲ್ಲು ಕೊಯ್ದಿದ್ದೀಯೋ?
ಚೌತಿಯಿಂದೀಚೆಗೆ ಒಂದೇ ಗೀಟು, ಬೂದಿ ಬಣ್ಣದ್ದು.
ಫೋನು ಕಳೆದಿರಬೇಕು ಅನ್ನುತ್ತಾನೆ,
ಚಾಕು ನಿಲ್ಲಿಸದೆ.

ಶಾವಂತ್ರವ್ವನಿಗೆ ಗೀಟಿನ ಲೆಕ್ಕ ತಿಳಿಯದು.
ಆದರೆ ಈಚೆಗೆ ದಿನದ ಮೊದಲ ರೊಟ್ಟಿ ಮಾರುವುದಿಲ್ಲ.
ಹಂಚಿನ ಅಂಚಿಗೆ ಸರಿಸುತ್ತಾಳೆ. ಅಲ್ಲೇ ಅದು
ಉಬ್ಬಿ, ಇಳಿದು, ಒಣಗಿ, ಕಪ್ಪಿಡುತ್ತದೆ.
ಹಸಿದ ಯಾರೋ ಕೈ ಚಾಚಿದರೆ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿ,
"ಅದು ಹೇಳಿಟ್ಟೈತಿ."

ಇವತ್ತು ಆ ಕೈ ನನ್ನದು.
ಸರಿ ಅಂದೆ. ಹುಬ್ಬಳ್ಳಿ ಗಾಡಿ ಬಂದು ಉಸ್ಸೆಂದು ನಿಂತಿತು.
ಬೋನಿ, ಇನ್ನೆರಡು ಹಾಕು.
ಕಳ್ಳಿ. ಸೋಮವಾರ ಅಲ್ಲವಾ.