ತೊಲಕ್ಕೆ ಐದು ಗುಲಗಂಜಿ ಕಮ್ಮಿ

ಶಿರ್ವ ಪೇಟೆಯಲ್ಲಿ ನಮ್ಮದು ಚಿನ್ನದ ಕೆಲಸ.
ಬಾಗಿಲಿನ ಹಲಗೆ ಅರ್ಧ ಹಾಕಿದ ಮೇಲೆ
ಲಿಗೋರಿ ಮೆಂಡೋನ್ಸಾ ಬಗ್ಗಿ ಒಳಬರುತ್ತಿದ್ದರು,
ಕಂಕುಳಲ್ಲಿ ಬಿಸ್ಕೀಟಿನ ಡಬ್ಬ.
"ಶೇಟರೇ, ತಕ್ಕಡಿ ಉಂಟಾ?"
ಅಪ್ಪ ಮಾತಾಡದೆ ಬೀಡಿ ನಂದಿಸುತ್ತಿದ್ದ.

ಡಬ್ಬದಲ್ಲಿ ಸೀಸದ ಗುಂಡು. ಮಲ್ಪೆಯ ಹರಿದ ಬಲೆಗಳಿಂದ
ಕಿಲೋ ಲೆಕ್ಕದಲ್ಲಿ ತಂದು, ಕರಗಿಸಿ, ಅಚ್ಚಿಗೆ ಹೊಯ್ದದ್ದು.
ಎಷ್ಟು ಕಾಯಿಸಿದರೂ ಬಂಗುಡೆ ವಾಸನೆ ಹೋಗುವುದಿಲ್ಲ
ಎನ್ನುತ್ತಿದ್ದರು. ಮೂಸಿದ್ದೇನೆ. ಸುಳ್ಳು.
ಅಪ್ಪ ಉಗುರು ಒತ್ತಿ, ಗೀರು ನೋಡಿ,
"ಮೆತ್ತಗಾಯಿತು ಮಾರಾಯ್ರೆ,
ಚಿನ್ನಕ್ಕೆ ತಾಮ್ರದ ಹಾಗೆ ಇದಕ್ಕೂ ಚೂರು ತವರ ಬೇಕು."

ಅವರದು ಸನ್ನೆಯ ರೈಫಲ್, ಬೆಳೆ ಕಾಯುವ ಲೈಸೆನ್ಸಿನದು.
ಅಡಿಯ ಬಳೆ ಕೆಳಗೆಳೆದು ಬಿಟ್ಟರೆ ಖಟಕ್,
ಹಳೆಯದು ಹೊರಗೆ, ಹೊಸದು ಒಳಗೆ.
"ತೋಟೆಗಳು ಕೊಳವೆಯಲ್ಲಿ ಸಾಲಾಗಿ ಮಲಗುವುದು ಮಗಾ,
ಒಂದರ ಮೂತಿ ಇನ್ನೊಂದರ ಬುಡಕ್ಕೆ.
ಬುಡದಲ್ಲೇ ಕೇಪು. ಚೂಪು ಮೂತಿ ಕುಟ್ಟಿದರೆ
ಹಂದಿ ಬದುಕಿತು, ನಾನು ಹೋದೆ.
ಹಂಪನಕಟ್ಟೆಯಲ್ಲಿ ಚೂಪಿನದು ಸಿಗುತ್ತದೆ. ಚಂದ ಉಂಟು. ಬೇಡ.
ಒಟ್ಟಿಗೆ ಇರಬೇಕಾದವರ ಮೂತಿ ಚಪ್ಪಟೆ ಇರಬೇಕು."
ಅಪ್ಪ ಒಳಮನೆಯ ಕಡೆ ನೋಡಿದ.
ದೊಡ್ಡಪ್ಪ ಅಂಗಡಿಯ ಪಾಲು ಕೇಳಿದ ವರ್ಷ ಅದು.

ಒಂದು ತಟ್ಟೆಗೆ ತೊಲದ ಕಲ್ಲು,
ಇನ್ನೊಂದಕ್ಕೆ ಗುಂಡು, ಮತ್ತು ಗುಲಗಂಜಿ.
ಎಣಿಸಿ ಹಾಕುವವಳು ನಾನು.
ಐದಕ್ಕೆ ಮುಳ್ಳು ನೆಟ್ಟಗಾದರೆ ಪಾಸು,
ಆರು ಕೇಳಿದ್ದು ಮರಳಿ ಬಾಣಲೆಗೆ.
ಮದ್ದು ತೂಗುವಾಗ ಮಾತ್ರ ನನ್ನನ್ನು ಆಚೆ ಕಳಿಸಿ
ಫ್ಯಾನು ಬಂದ್ ಮಾಡುತ್ತಿದ್ದರು.
ಕಿಂಡಿಯಲ್ಲಿ ಕಂಡದ್ದು ಇಷ್ಟೇ:
ಕಪ್ಪು ರವೆಯಂಥದ್ದರ ಮುಂದೆ
ಉಸಿರು ಬಿಗಿಹಿಡಿದ ಇಬ್ಬರು ಗಂಡಸರು,
ಒಬ್ಬರ ಹಣೆ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ.

ಇಷ್ಟೆಲ್ಲ ಮಾಡಿ ವರ್ಷಕ್ಕೆ ಹನ್ನೆರಡು ತೋಟೆ.
ಹಂದಿ, ಒಂದೋ ಎರಡೋ.

ಚುನಾವಣೆ ಬಂತು, ಕೋವಿ ಠಾಣೆಗೆ ಒಪ್ಪಿಸಬೇಕೆಂದರು.
ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು
ರಶೀದಿ ತಂದರು ಲಿಗೋರಿ.
ಮತ ಎಣಿಸುವ ಮೊದಲೇ ಇಗರ್ಜಿಯಲ್ಲಿ ಅವರ ಗಂಟೆ ಬಾರಿಸಿತು.
ಮಕ್ಕಳು ಯಾರೂ ಲೈಸೆನ್ಸು ಬದಲಿಸಲಿಲ್ಲ.
ಅದಿನ್ನೂ ಅಲ್ಲೇ ಇರಬೇಕು, ಕುತ್ತಿಗೆಗೆ ಚೀಟಿ ಕಟ್ಟಿಕೊಂಡು.

ಅಪ್ಪನ ಗಲ್ಲಾದಲ್ಲಿ ಒಂದು ಗುಂಡು ಉಳಿದಿತ್ತು.
ನಿನ್ನೆ, ಹೊಸ ಕರೆಂಟಿನ ತಕ್ಕಡಿ ಸರಿಯುಂಟೋ ನೋಡಲು
ಅದನ್ನೇ ಇಟ್ಟೆ:
ಹನ್ನೊಂದು ಗ್ರಾಂ, ಮೇಲೆ ಸೊನ್ನೆ ಆರು.
ಸರಿಯುಂಟು.
ಮೂಸಿಯೂ ನೋಡಿದೆ.
ಅಂಗಡಿಯಲ್ಲಿ ಯಾರೂ ಇರಲಿಲ್ಲವಲ್ಲ.