ಹಿಂದಿನ ಪುಟ

ಲೆಕ್ಕದ ಪುಸ್ತಕ ತಿರುಗಿಸಿ ಹಿಂದಿನಿಂದ ಶುರುಮಾಡಿದ್ದೇನೆ.
ಮುಂದೆ ಮಂಡಕ್ಕಿ ಚೀಲ, ಹೊಟ್ಟಿನ ಗಾಡಿ,
ರಹಮತ್‌ಬೀಯ ಕೂಲಿ.

ಭಟ್ಟಿಯ ಬಾಗಿಲಲ್ಲೇ ಸ್ಟೂಲು ಹಾಕಿ
ಕೂತಿದ್ದಳು ಆಶಾ ತಿಪ್ಪಕ್ಕ.
ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಉಸ್ಸೆಂದು ಬಿಟ್ಟು,
“ನೂರಾ ಅರವತ್ತೆರಡು. ಏನೂ ಅನ್ನಿಸ್ತಿಲ್ಲೇನಣ್ಣ?”

ಏನೂ ಇಲ್ಲ.
ಮರಳು ಕಾದದ್ದು ಅಂಗೈಗೆ ತಿಳಿಯುತ್ತೆ,
ಅಕ್ಕಿಗೆಷ್ಟು ಉಪ್ಪೆಂದು ಕಣ್ಣಿಗೆ;
ಇಡೀ ದಾವಣಗೆರೆಗೆ ಅರಳಿಸಿ ಕೊಟ್ಟವನಿಗೆ
ಒಳಗಿನ ಒಲೆ ಸದ್ದಿಲ್ಲದೆ ಉರಿದದ್ದು
ಗೊತ್ತೇ ಆಗಲಿಲ್ಲ.

ಸೋಮವಾರ ನೂರೈವತ್ತೆಂಟು. ಗುಳಿಗೆ ನುಂಗಿದೆ.
ಗುರುವಾರ ನೂರೈವತ್ತು.
ಶನಿವಾರ ಬರೆದಿಲ್ಲ, ಮಿರ್ಚಿ ತಿಂದಿದ್ದೆ.
ತಿಪ್ಪಕ್ಕ ಖಾಲಿ ಗೆರೆಯ ಮೇಲೆ ಬೆರಳಿಟ್ಟಳು:
“ಇದನ್ನೂ ಬರಿಯಣ್ಣ.”
ಬರೆದೆ: ಮಿರ್ಚಿ, ನಾಲ್ಕು.

ಈಗ ಎರಡು ಲೆಕ್ಕ ಎರಡು ತುದಿಯಿಂದ
ಎದುರುಬದುರು ಬರುತ್ತಿವೆ.
ನಡುವೆ ಇನ್ನೂ ಎಷ್ಟು ಹಾಳೆ,
ಎಣಿಸಿಲ್ಲ.